ಬಯೋಮೆಡಿಕಲ್ ಸೀಟು: ಮೊದಲು ಆಸ್ಪತ್ರೆ ನೋಡಿ

ಸಿಇಟಿ ರ‍್ಯಾಂಕ್ ಬಂದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳಲ್ಲಿ ಆಪ್ಷನ್ ಎಂಟ್ರಿಯ ಪಟ್ಟಿ ತಯಾರಾಗುವ ಕ್ರಮ ಹೆಚ್ಚುಕಡಿಮೆ ಒಂದೇ. ಹಿಂದಿನ ವರ್ಷದ ಕಟಾಫ್ ಇಟ್ಟುಕೊಂಡು ಬೆಂಗಳೂರಿನ ಹೆಸರಾಂತ ಕಾಲೇಜುಗಳನ್ನು ಮೇಲೆ ಬರೆಯುತ್ತಾರೆ. ಕಂಪ್ಯೂಟರ್ ಸೈನ್ಸ್ ಸಿಗದ ಕಡೆ ಉಳಿದ ಬ್ರಾಂಚುಗಳನ್ನು ತುಂಬುತ್ತಾರೆ. ಬಯೋಮೆಡಿಕಲ್ ಎಂಜಿನಿಯರಿಂಗ್ ಈ ಪಟ್ಟಿಗೆ ಬರುವುದು ಬಹುಪಾಲು ನೀಟ್‌ನಲ್ಲಿ ಮೆಡಿಕಲ್ ಕೈತಪ್ಪಿದಾಗ, ಇಲ್ಲವೇ ದೊಡ್ಡ ಕಾಲೇಜಿನೊಳಗೆ ಹೇಗಾದರೂ ಕಾಲಿಡಬೇಕು ಎನಿಸಿದಾಗ. ಈ ಎರಡು ಕಾರಣಗಳೂ ಈ ಓದಿಗೆ ಸಾಲವು.

ನೀಟ್ ತಪ್ಪಿದ ಹುಡುಗಿಗೆ ‘ಇದೂ ಡಾಕ್ಟರ್ ಕೆಲಸಕ್ಕೆ ಹತ್ತಿರದ್ದೇ’ ಎಂದು ಸಮಾಧಾನ ಹೇಳುವುದು ಅವಳಿಗೆ ಮಾಡುವ ಅನ್ಯಾಯ. ಇಲ್ಲಿ ಮುಖ್ಯವಾಗಿ ಓದಬೇಕಾದ್ದು ಸರ್ಕ್ಯೂಟು, ಸಿಗ್ನಲ್ ಪ್ರೊಸೆಸಿಂಗ್, ಗಣಿತ. ಜೊತೆಗೆ ಒಂದಿಷ್ಟು ಅಂಗರಚನೆ. ಜೀವಶಾಸ್ತ್ರದ ಪ್ರೀತಿಯೊಂದನ್ನೇ ನಂಬಿ ನಾಲ್ಕು ವರ್ಷ ಕಳೆಯುವುದು ಕಷ್ಟ.

ಈ ವಿದ್ಯೆಯ ನಿಜವಾದ ಪ್ರಯೋಗಾಲಯ ಆಸ್ಪತ್ರೆ. ವೆಂಟಿಲೇಟರ್ ಅಲಾರಂ ಯಾಕೆ ಹೊಡೆದುಕೊಳ್ಳುತ್ತಿದೆ, ಡಯಾಲಿಸಿಸ್ ಯಂತ್ರಕ್ಕೆ ನೀರು ಶುದ್ಧಮಾಡುವ ಘಟಕ ಕೆಟ್ಟರೆ ರೋಗಿಗೆ ಏನಾಗುತ್ತದೆ ಎಂಬುದನ್ನು ವಾರ್ಡಿನಲ್ಲಿ ನಿಂತೇ ಕಲಿಯಬೇಕು. ಆದ್ದರಿಂದ ನನ್ನ ಅಳತೆಗೋಲಿನಲ್ಲಿ ಕಟಾಫ್‌ಗಿಂತ ಮೊದಲು ಬರುವುದು ಕಾಲೇಜಿಗೂ ಆಸ್ಪತ್ರೆಗೂ ಇರುವ ನಂಟು. ಬೆಂಗಳೂರಿನ ರಾಮಯ್ಯ ತಾಂತ್ರಿಕ ಕಾಲೇಜಿನ ಪಕ್ಕದಲ್ಲೇ ಅದೇ ಹೆಸರಿನ ವೈದ್ಯಕೀಯ ಕಾಲೇಜು, ಆಸ್ಪತ್ರೆ ಇವೆ. ಅಲ್ಲಿ ಈ ಓದು ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಂಬ ಬ್ರಾಂಚಿನಡಿ ಬರುತ್ತದೆ. ಬಿಎಂಎಸ್ ಕಾಲೇಜಿನಲ್ಲೂ ಹಾಗೆಯೇ. ಪಟ್ಟಿಯಲ್ಲಿ ಬರೀ ಬಯೋಮೆಡಿಕಲ್ ಹುಡುಕುವವರು ಇವನ್ನು ಗಮನಿಸದೆ ದಾಟಿಬಿಡುತ್ತಾರೆ.

ಮಣಿಪಾಲದ ಮಾತು ಬೇರೆ. ಆಗುಂಬೆ ಘಾಟಿ ಇಳಿದು ರೋಗಿಗಳನ್ನು ಕರೆದೊಯ್ಯುವ ದಾರಿ ನಮ್ಮ ಮೂರೂ ತಾಲ್ಲೂಕಿನವರಿಗೆ ಗೊತ್ತು. 1953ರಲ್ಲಿ ಶುರುವಾದ ಕಸ್ತೂರಬಾ ಮೆಡಿಕಲ್ ಕಾಲೇಜು, 1957ರ ಎಂಜಿನಿಯರಿಂಗ್ ಕಾಲೇಜು ಎಂಐಟಿ ಎರಡೂ ಒಂದೇ ಊರಲ್ಲಿವೆ. ಬಯೋಮೆಡಿಕಲ್ ಓದಿಗೆ ರಾಜ್ಯದಲ್ಲಿ ಇದಕ್ಕಿಂತ ಅನುಕೂಲದ ಜಾಗ ನನಗೆ ಕಾಣದು. ಆದರೆ ಅದಕ್ಕೆ ಪ್ರತ್ಯೇಕ ಪ್ರವೇಶ ಪರೀಕ್ಷೆಯಿದೆ. ಸಿಇಟಿಯನ್ನೇ ನಂಬಿ ಕೂತವರು ಅರ್ಜಿಯ ದಿನಾಂಕವನ್ನೇ ಕಳೆದುಕೊಳ್ಳುತ್ತಾರೆ. ಶುಲ್ಕವೂ ಸರ್ಕಾರಿ ಕೋಟಾದ ಸೀಟಿಗಿಂತ ಬಹಳ ಹೆಚ್ಚು. ಹಳದಿ ಎಲೆ ರೋಗ, ಎಲೆಚುಕ್ಕೆಯಿಂದ ಅಡಿಕೆ ಫಸಲು ಕಳೆದುಕೊಂಡ ಮನೆಯವರಿಗೆ ಸಾಲ ಮಾಡಿ ಅಲ್ಲಿಗೇ ಸೇರಿಸಿ ಎಂದು ಹೇಳಲು ನನಗೆ ಮನಸ್ಸಾಗದು.

ಅಂಥವರಿಗೆ ಸಿಇಟಿಯೇ ದಾರಿ. ಹಳ್ಳಿ ಶಾಲೆಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇದೆ. ದಾಖಲೆ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಸಿಗಲಾರದ ಸೀಟನ್ನು ಮೇಲೆ ಬರೆದರೆ ಕೆಳಗಿನದೂ ಹೋಗುತ್ತದೆ ಎಂಬ ಭಯ ಬೇಡ. ಮೇಲಿನದು ಸಿಗದಿದ್ದರೆ ಕೆಳಗಿನದನ್ನು ಪರಿಗಣಿಸುತ್ತಾರೆ. ಬೇಕಾದದ್ದನ್ನು ಬೇಕಾದ ಕ್ರಮದಲ್ಲೇ ಬರೆಯಿರಿ.

ಬೆಂಗಳೂರಿನ ಸೆಳೆತ ಪೂರ್ತಿ ತಪ್ಪೆನ್ನಲಾರೆ. ಜಿಇ, ಫಿಲಿಪ್ಸ್, ಸೀಮೆನ್ಸ್‌ನಂಥ ವೈದ್ಯಕೀಯ ಉಪಕರಣ ಕಂಪನಿಗಳ ದೊಡ್ಡ ಕೇಂದ್ರಗಳು ಅಲ್ಲಿವೆ. ಆದರೆ ಈ ವಿದ್ಯೆಯ ಅಗತ್ಯ ನಮ್ಮಲ್ಲೂ ಇದೆ. ಕೇಂದ್ರ ಸರ್ಕಾರ 2015ರಲ್ಲಿ ಸರ್ಕಾರಿ ಆಸ್ಪತ್ರೆಗಳ ಉಪಕರಣ ನಿರ್ವಹಣೆಗೆ ಯೋಜನೆ ತರುವಾಗ ನಡೆಸಿದ ಸಮೀಕ್ಷೆಯಲ್ಲಿ, ರಾಜ್ಯದಿಂದ ರಾಜ್ಯಕ್ಕೆ ಶೇ 13ರಿಂದ 34ರಷ್ಟು ಉಪಕರಣ ಕೆಟ್ಟು ನಿಂತಿದ್ದವು. ಶೃಂಗೇರಿಯ ಜನ 100 ಹಾಸಿಗೆಯ ಆಸ್ಪತ್ರೆಗಾಗಿ ದನಿಯೆತ್ತಿದವರು. ಹಾಸಿಗೆ ಬಂದರೆ ಯಂತ್ರ ಬರುತ್ತದೆ, ಯಂತ್ರ ನೋಡಿಕೊಳ್ಳುವವರೂ ಬೇಕಾಗುತ್ತಾರೆ.

ಆಪ್ಷನ್ ಎಂಟ್ರಿ ಮುಗಿಯುವ ಮುನ್ನ ಕಾಲೇಜಿಗೆ ಫೋನ್ ಮಾಡಿ. ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆಗೆ, ಯಾವ ಸೆಮಿಸ್ಟರಿನಲ್ಲಿ, ಎಷ್ಟು ವಾರ ಕಳಿಸುತ್ತೀರಿ ಎಂದು ಕೇಳಿ. ಉತ್ತರ ತಡವರಿಸಿದರೆ ಆ ಕಾಲೇಜನ್ನು, ಹೆಸರು ಎಷ್ಟೇ ದೊಡ್ಡದಿರಲಿ, ಪಟ್ಟಿಯಲ್ಲಿ ಕೆಳಗಿಳಿಸಿ.