ಆ ಕಡೆ ಹೋದರೆ ಮೈನಸ್

ಕ್ಷ + 7 = 12. ಪುಸ್ತಕದಲ್ಲಿ ಎಕ್ಸ್ ಎಂದಿರುವುದನ್ನು ಇಲ್ಲಿ ಕ್ಷ ಎಂದೇ ಬರೆಯುತ್ತೇನೆ. ಬೀದರಿನ ಏಳನೇ ತರಗತಿಯೊಂದರ ಬೋರ್ಡಿನ ಮೇಲೆ ಇದನ್ನು ಬರೆದರೆ ಉತ್ತರಕ್ಕೆ ಕಾಯಬೇಕಾಗಿಲ್ಲ. “ಏಳು ಆ ಕಡಿ ಹೋದ್ರ ಮೈನಸ್ ಆತದ್ರಿ ಸರ್, ಹನ್ನೆರಡ್ರಾಗ ಏಳು ಹೋದ್ರ ಐದು.” ಉತ್ತರ ಸರಿಯೇ. ಆ ಕಡೆ ಹೋದರೆ ಯಾಕೆ ಮೈನಸ್ ಆಗಬೇಕು ಎಂದು ಕೇಳಿ ನೋಡಿ. ಅಷ್ಟೊತ್ತು ಕೈ ಎತ್ತುತ್ತಿದ್ದ ತರಗತಿ ಮೇಷ್ಟ್ರ ಮುಖ ನೋಡುತ್ತದೆ. “ಹಂಗೇ ಅದ್ರಿ” ಎನ್ನುವುದೇ ಕೊನೆಗೆ ಸಿಗುವ ಕಾರಣ. ಭಾಲ್ಕಿಯ ಉರ್ದು ಮಾಧ್ಯಮದ ಮಕ್ಕಳ ಬಾಯಲ್ಲಿ ಇದೇ ಮಾತು ‘ಉಧರ್ ಗಯಾ ತೋ ಮೈನಸ್’. ಔರಾದಿನ ಗಡಿಯ ಮರಾಠಿ ಶಾಲೆಗೆ ಹೋದರೆ ‘ತಿಕಡೆ ಗೇಲಂ ಕೀ ವಜಾ’. ಮೂರು ಭಾಷೆಯ ಜಿಲ್ಲೆಯಲ್ಲಿ ಎಲ್ಲರೂ ಒಪ್ಪಿಕೊಂಡ ಗಣಿತ ಇದೊಂದೇ ಇರಬಹುದು.

ಪಠ್ಯದ ಭಾಷೆಯಲ್ಲಿ ಇದಕ್ಕೆ ಪಕ್ಷಾಂತರ ಎಂದು ಹೆಸರು. ಅದು ತಪ್ಪು ವಿಧಾನ ಎಂದು ನಾನು ವಾದಿಸುವುದಿಲ್ಲ. ದೊಡ್ಡ ಲೆಕ್ಕ ಮಾಡುವವರೆಲ್ಲ ಅದನ್ನೇ ಬಳಸುತ್ತಾರೆ, ನಾನೂ ಬಳಸುತ್ತೇನೆ. ನನ್ನ ತಕರಾರು ಅದು ಬರುವ ಹೊತ್ತಿನ ಬಗ್ಗೆ. ಎರಡೂ ಕಡೆ ಅಷ್ಟಷ್ಟೇ ಕೂಡಿಸುವ, ಅಷ್ಟಷ್ಟೇ ಕಳೆಯುವ ಕೆಲಸ ಮಗುವಿನ ಕೈಗೆ ಹತ್ತುವ ಮೊದಲೇ ಪಕ್ಷಾಂತರ ಬಂದು ಕೂತುಬಿಡುತ್ತದೆ. ಆಮೇಲೆ ಆ ಕೆಲಸಕ್ಕೆ ತರಗತಿಯಲ್ಲಿ ಜಾಗವೇ ಉಳಿಯುವುದಿಲ್ಲ.

ಪುಸ್ತಕವನ್ನು ಪೂರ್ತಿ ದೂರುವಂತಿಲ್ಲ. ರಾಜ್ಯದ ಏಳನೇ ತರಗತಿಗೆ ಬಂದಿರುವ, ಎನ್‌ಸಿಇಆರ್‌ಟಿ ಮೂಲದ ಪಠ್ಯದ ‘ಸರಳ ಸಮೀಕರಣಗಳು’ ಅಧ್ಯಾಯ ಚೆನ್ನಾಗಿಯೇ ಶುರುವಾಗುತ್ತದೆ. ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೋ, ನಾಲ್ಕರಿಂದ ಗುಣಿಸು, ಐದು ಕೂಡಿಸು ಎನ್ನುವ ಆಟ ಮೊದಲು. ಆಮೇಲೆ ತಕ್ಕಡಿಯ ಚಿತ್ರ, ಎರಡೂ ತಟ್ಟೆಗೆ ಸಮನಾಗಿ ಹಾಕುವುದು, ಸಮನಾಗಿ ತೆಗೆಯುವುದು. ಪಕ್ಷಾಂತರ ಬರುವುದು ಇಷ್ಟೆಲ್ಲ ಆದ ಮೇಲೆ. ಅನುಕ್ರಮ ಸರಿಯಾಗಿದೆ. ಆದರೆ ತಕ್ಕಡಿಯಿಂದ ಪಕ್ಷಾಂತರಕ್ಕೆ ಇರುವ ದೂರ ಕೆಲವೇ ಪುಟ. ಅದೇ ಅಧ್ಯಾಯದಲ್ಲಿ ಅಡ್ಡದಾರಿ ಕಣ್ಣಿಗೆ ಕಂಡ ಮೇಲೆ ಯಾವ ಮೇಷ್ಟ್ರು ಉದ್ದದ ದಾರಿಯಲ್ಲಿ ನಿಲ್ಲುತ್ತಾರೆ? ಪರೀಕ್ಷೆಯಲ್ಲಿ ಎರಡಕ್ಕೂ ಅಂಕ ಒಂದೇ.

ಈ ಎರಡು ಕೆಲಸ, ಕೂಡಿಸುವುದು ಮತ್ತು ಕಳೆಯುವುದು, ಒಂದು ಕಾಲಕ್ಕೆ ಬೀಜಗಣಿತದ ಅಧ್ಯಾಯವೊಂದರ ತುಣುಕಾಗಿರಲಿಲ್ಲ, ಅವೇ ಬೀಜಗಣಿತವಾಗಿದ್ದವು. ಬೀದರಿನ ಹಳೇ ಊರಿನಲ್ಲಿ ನಿಂತಿರುವ ಮಹಮೂದ್ ಗವಾನನ ಮದರಸಾ ಮುಗಿದದ್ದು 1472ರಲ್ಲಿ. ಇರಾನಿನ ಗೀಲಾನ್ ಸೀಮೆಯಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ವಜೀರನಾದ ಗವಾನ್ ಯಾವ ವಿದ್ಯೆಯ ಪರಂಪರೆಯನ್ನು ಇಲ್ಲಿಗೆ ತರಲು ಹೊರಟಿದ್ದನೋ, ಆ ಪರಂಪರೆಯ ಗಣಿತದಲ್ಲಿ ಮೊದಲ ಹೆಸರು ಅಲ್ ಖ್ವಾರಿಜ್ಮಿಯದು. ಖಲೀಫ ಅಲ್ ಮಾಮೂನನ ಆಳ್ವಿಕೆಯಲ್ಲಿ, ಅಂದರೆ 813ರಿಂದ 833ರ ನಡುವೆ, ಬಗ್ದಾದಿನಲ್ಲಿ ಅವನು ಬರೆದ ಪುಸ್ತಕದ ಹೆಸರಿನಲ್ಲೇ ಎರಡು ಕ್ರಿಯೆಗಳಿವೆ: ಜಬ್ರ್ ಮತ್ತು ಮುಕಾಬಲಾ.

ಅವನ ಬಳಿ ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ, ಸಮ ಚಿಹ್ನೆಯೂ ಇಲ್ಲ. (ಸಮ ಚಿಹ್ನೆ ಮುದ್ರಣ ಕಂಡದ್ದು ಬಹಳ ತಡವಾಗಿ, 1557ರಲ್ಲಿ, ರಾಬರ್ಟ್ ರೆಕಾರ್ಡ್‌ನ ಪುಸ್ತಕದಲ್ಲಿ.) ಎಲ್ಲವನ್ನೂ ಮಾತಿನಲ್ಲೇ ಹೇಳುತ್ತಾನೆ; ನಮ್ಮ ಕ್ಷ ಅವನಿಗೆ ‘ಮೂಲ’, ಅದರ ವರ್ಗ ಬರೀ ‘ವರ್ಗ’. ಅವನ ಒಂದು ಲೆಕ್ಕದಲ್ಲಿ ಒಂದು ವರ್ಗವು, ನಲವತ್ತು ಮೂಲಗಳಲ್ಲಿ ನಾಲ್ಕು ವರ್ಗ ಕಳೆದಷ್ಟಕ್ಕೆ ಸಮ. ಬಲಗಡೆ ನಾಲ್ಕು ವರ್ಗದ ಕೊರತೆ ಇದೆಯಲ್ಲ, ಅದನ್ನು ತುಂಬಬೇಕು. ತುಂಬಿದಷ್ಟನ್ನೇ ಎಡಕ್ಕೂ ಕೊಟ್ಟರೆ ಐದು ವರ್ಗ ನಲವತ್ತು ಮೂಲಕ್ಕೆ ಸಮ. ಇದು ಜಬ್ರ್. ಇನ್ನೊಂದರಲ್ಲಿ ಐವತ್ತು ಮತ್ತು ಒಂದು ವರ್ಗ ಸೇರಿ, ಇಪ್ಪತ್ತೊಂಬತ್ತು ಮತ್ತು ಹತ್ತು ಮೂಲಕ್ಕೆ ಸಮ. ಎರಡೂ ಕಡೆ ಇಪ್ಪತ್ತೊಂಬತ್ತು ತೆಗೆದರೆ ಇಪ್ಪತ್ತೊಂದು ಮತ್ತು ಒಂದು ವರ್ಗ, ಹತ್ತು ಮೂಲಕ್ಕೆ ಸಮ. ಇದು ಮುಕಾಬಲಾ. ಗಮನಿಸಬೇಕಾದದ್ದು, ಈ ಇಡೀ ಕೆಲಸದಲ್ಲಿ ಯಾವ ಸಂಖ್ಯೆಯೂ ಎಲ್ಲಿಗೂ ‘ಹೋಗುವುದಿಲ್ಲ’. ಗೆರೆ ದಾಟಿ ವೇಷ ಬದಲಿಸುವುದಿಲ್ಲ. ಒಂದು ಕಡೆ ಆದದ್ದು ಇನ್ನೊಂದು ಕಡೆಯೂ ಆಗುತ್ತದೆ, ಅಷ್ಟೇ. ಸಾವಿರದ ಇನ್ನೂರು ವರ್ಷದ ಹಿಂದಿನ ಈ ನಿರೂಪಣೆ ನಮ್ಮ ಗೈಡುಗಳಿಗಿಂತ ತಿಳಿಯಾಗಿದೆ.

ನಮ್ಮ ಕಡೆಯ ಲೆಕ್ಕವೊಂದನ್ನು ನೋಡೋಣ. ಎರಡನೇ ಭಾಸ್ಕರನ ‘ಬೀಜಗಣಿತ’ದಲ್ಲಿ, ಅಂದರೆ ಹನ್ನೆರಡನೇ ಶತಮಾನದ ನಡುವಿನಲ್ಲಿ, ಕುದುರೆಗಳ ಲೆಕ್ಕ ಬರುತ್ತದೆ. ಒಬ್ಬನ ಹತ್ತಿರ 300 ನಾಣ್ಯ, 6 ಕುದುರೆ. ಇನ್ನೊಬ್ಬನ ಹತ್ತಿರ 10 ಕುದುರೆ, ಆದರೆ ತಲೆಯ ಮೇಲೆ 100 ನಾಣ್ಯದ ಸಾಲ. ಇಬ್ಬರ ಆಸ್ತಿ ಸಮ, ಕುದುರೆಗಳ ಬೆಲೆಯೂ ಒಂದೇ. ಒಂದು ಕುದುರೆಗೆ ಎಷ್ಟು? ಬೀದರಿಗೆ ಇದಕ್ಕಿಂತ ಒಪ್ಪುವ ಲೆಕ್ಕ ಸಿಗಲಾರದು. 1470ರ ಆಸುಪಾಸಿನಲ್ಲಿ ಇಲ್ಲಿಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಮಾರಲೆಂದು ತಂದಿದ್ದ ತನ್ನ ಕುದುರೆಯನ್ನು ಕಡೆಗೆ ಮಾರಿದ್ದು ಈ ಊರಿನಲ್ಲೇ.

6ಕ್ಷ + 300 = 10ಕ್ಷ − 100. ಪಕ್ಷಾಂತರ ಕಲಿತ ಮಗು ಇದನ್ನು ಹೇಗೆ ಮಾಡುತ್ತದೆ? ಕ್ಷ ಇರುವುದೆಲ್ಲ ಎಡಕ್ಕೆ, ಅಂಕಿಯೆಲ್ಲ ಬಲಕ್ಕೆ ಎಂದು ಹೇಳಿಕೊಟ್ಟಿದ್ದಾರೆ. 6ಕ್ಷ − 10ಕ್ಷ = −100 − 300. ಮೂರು ಮೈನಸ್ಸುಗಳ ಕಾಟ ಶುರುವಾಯಿತು. −4ಕ್ಷ = −400 ಎಂಬಲ್ಲಿಗೆ ಬರುವಷ್ಟರಲ್ಲಿ ಒಂದಲ್ಲ ಒಂದು ಮೈನಸ್ ಕಳೆದುಹೋಗಿರುತ್ತದೆ. ಉತ್ತರ −100 ಎಂದು ಬಂದರೂ ಮಗುವಿಗೆ ಅನುಮಾನ ಬರುವುದಿಲ್ಲ, ಯಾಕೆಂದರೆ ಅದರ ತಲೆಯಲ್ಲಿ ಈಗ ಕುದುರೆಯೂ ಇಲ್ಲ, ಸಾಲವೂ ಇಲ್ಲ.

ಇದನ್ನೇ ಎರಡೂ ಕಡೆಯ ವಿಧಾನದಲ್ಲಿ ಮಾಡಿ. ಎರಡನೆಯವನ ಸಾಲ ತೀರಲಿ, ಅದಕ್ಕೆ ಅವನಿಗೆ 100 ಕೊಡೋಣ. ಆಸ್ತಿ ಸಮವಾಗಿಯೇ ಉಳಿಯಬೇಕಾದರೆ ಮೊದಲನೆಯವನಿಗೂ 100. ಈಗ 6ಕ್ಷ + 400 = 10ಕ್ಷ. ಇಬ್ಬರ ಲಾಯದಿಂದಲೂ ಆರಾರು ಕುದುರೆ ಹೊರಗೆ ಕಳಿಸಿ. 400 = 4ಕ್ಷ. ಕುದುರೆಗೆ ನೂರು. ಒಂದು ಸಲ ಕೂಡಿಸಿದೆವು, ಒಂದು ಸಲ ಕಳೆದೆವು. ಮೈನಸ್ ಉಳಿಯಲೇ ಇಲ್ಲ. ಅಜ್ಞಾತ ಎಡಗಡೆಯೇ ಇರಬೇಕೆಂಬ ಹಟವೂ ಬೇಕಾಗಲಿಲ್ಲ. ಎಡಕ್ಕೆ ತರಲೇಬೇಕು ಎಂಬ ಕಟ್ಟಳೆ ಯಾರು ಹಾಕಿದರೋ, ನಮ್ಮ ಮಕ್ಕಳು 5 = ಕ್ಷ + 2 ಎಂಬುದನ್ನು ಕಂಡರೂ ಮೊದಲು ಇಡೀ ಸಾಲನ್ನು ತಿರುಗಿಸಿ ಬರೆಯುತ್ತಾರೆ.

ನಮ್ಮ ಕಡೆಯ ಲೆಕ್ಕಗಳು ಮಹಾವೀರಾಚಾರ್ಯನಲ್ಲೂ ಇವೆ. ಪಕ್ಕದ ಜಿಲ್ಲೆಯ ಮಳಖೇಡದ ಅಮೋಘವರ್ಷನ ಕಾಲದವನು, 850ರ ಸುಮಾರಿಗೆ ‘ಗಣಿತಸಾರಸಂಗ್ರಹ’ ಬರೆದವನು ಎಂದು ವೇದಿಕೆಗಳಲ್ಲಿ ನೆನೆಯುತ್ತೇವೆ. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲೇ ಹೊಂಬುಜದಿಂದ ಪ್ರಕಟವಾಗಿದೆ. ಅದರ ಲೆಕ್ಕಗಳು ಮಾತ್ರ ತರಗತಿಯ ಬಾಗಿಲಿಗೆ ಬಂದಿಲ್ಲ.

ತಪ್ಪುಗಳಿಗೆ ಬರೋಣ, ಒಂದು ವಿಧಾನದ ಯೋಗ್ಯತೆ ತಿಳಿಯುವುದು ಅದು ಹುಟ್ಟಿಸುವ ತಪ್ಪುಗಳಲ್ಲಿ. 3ಕ್ಷ = 12 ಎಂದು ಕೊಟ್ಟರೆ ಕ್ಷ = 12 − 3 = 9 ಎಂದು ಬರೆಯುವ ಮಕ್ಕಳು ಎಲ್ಲ ಕಡೆ ಇದ್ದಾರೆ. ದಡ್ಡರೆಂದು ಬೈಯುತ್ತೇವೆ. ಅವರು ಹೇಳಿಕೊಟ್ಟಿದ್ದನ್ನೇ ಮಾಡಿದ್ದಾರೆ: ಮೂರು ಆ ಕಡೆ ಹೋಯಿತು, ಮೈನಸ್ ಆಯಿತು. 8 − ಕ್ಷ = 3 ಎಂದರೆ ಕ್ಷ = 3 + 8. ಮೈನಸ್ ಕಂಡಿತು, ಪ್ಲಸ್ ಮಾಡಿದರು. ಆ ಮೈನಸ್ ಎಂಟರದಲ್ಲ, ಕ್ಷದ್ದು ಎಂದು ಹೇಳುವ ಹೊತ್ತು ಯಾರಿಗೂ ಇರಲಿಲ್ಲ. ಸಿಕ್ಕ ಹನ್ನೊಂದನ್ನು ಮೂಲದಲ್ಲಿಟ್ಟು ತಾಳೆ ನೋಡಿದ್ದರೆ ಎಂಟರಲ್ಲಿ ಹನ್ನೊಂದು ಕಳೆದರೆ ಮೂರು ಹೇಗಾದೀತು ಎಂದು ಮಗುವೇ ನಗುತ್ತಿತ್ತು. ತಾಳೆ ನೋಡುವುದು ಈಗ ಪಠ್ಯದಲ್ಲಿದೆ, ನೋಟ್‌ಬುಕ್ಕಿನಲ್ಲಿಲ್ಲ.

ಈ ರೋಗ ನಮ್ಮದಷ್ಟೇ ಅಲ್ಲ. 8 + 4 = ▢ + 5 ಎಂಬ ಲೆಕ್ಕವನ್ನು ಅಮೆರಿಕದ ಆರನೇ ತರಗತಿಯ 145 ಮಕ್ಕಳಿಗೆ ಕೊಟ್ಟಾಗ ಎಲ್ಲರೂ 12 ಅಥವಾ 17 ಎಂದು ಬರೆದರೆಂದು 1999ರಲ್ಲಿ ಫಾಕ್ನರ್, ಲೆವಿ, ಕಾರ್ಪೆಂಟರ್ ವರದಿ ಮಾಡಿದರು. ಸಮ ಚಿಹ್ನೆ ಎಂದರೆ ‘ಉತ್ತರ ಬರೆ’ ಎಂಬ ಅಪ್ಪಣೆ ಎಂದು ಮಕ್ಕಳು ತಿಳಿದಿದ್ದರು. ಎರಡು ಕಡೆಯೂ ಒಂದೇ ತೂಕ ಎಂಬ ಅರ್ಥ ಮೊದಲ ಐದು ವರ್ಷ ಯಾರೂ ಹೇಳಿರುವುದಿಲ್ಲ. ಅಂಥ ಮಗುವಿಗೆ ಏಳನೇ ತರಗತಿಯಲ್ಲಿ ಪಕ್ಷಾಂತರ ಕಲಿಸಿದರೆ ಸಮ ಚಿಹ್ನೆ ಒಂದು ಗೇಟು ಆಗುತ್ತದೆಯೇ ಹೊರತು ಸಮತೆ ಆಗುವುದಿಲ್ಲ.

ಹಾಗಾದರೆ ತಕ್ಕಡಿಯೇ ಪರಿಹಾರವೇ? ಪೂರ್ತಿ ಅಲ್ಲ. ಕ್ಷ + 7 = 12ಕ್ಕೆ ತಕ್ಕಡಿ ಸೊಗಸು. ಕ್ಷ − 7 = 5 ಎಂದಾಗ ತಟ್ಟೆಯ ಮೇಲೆ ‘ಮೈನಸ್ ಏಳು’ ಎಂಬ ಕಲ್ಲನ್ನು ಎಲ್ಲಿಂದ ತರುವುದು? ಅಲ್ಲಿ ಭಾಸ್ಕರನ ಸಾಲವೇ ಗತಿ. ಇನ್ನೊಂದು ತೊಡಕು, ಎರಡು ತಟ್ಟೆಯ ತಕ್ಕಡಿ ಮಕ್ಕಳ ಕಣ್ಣಿಂದ ದೂರವಾಗುತ್ತಿದೆ. ಬೀದರಿನ ಗಾಂಧಿ ಗಂಜಿನಲ್ಲಿ ಉದ್ದು, ತೊಗರಿ, ಸೋಯಾ ತೂಗುವುದು ಎಲೆಕ್ಟ್ರಾನಿಕ್ ಕಾಟಾದ ಮೇಲೆ; ಅದಕ್ಕೆ ಒಂದೇ ಹಲಗೆ, ಎದುರಿಗೆ ಕೆಂಪು ಅಂಕಿ. ಆದರೆ ಅದೇ ಗಂಜಿನಲ್ಲಿ ಬಾರದಾನದ, ಅಂದರೆ ಖಾಲಿ ಚೀಲದ ತೂಕದ, ಲೆಕ್ಕ ಇನ್ನೂ ಇದೆ. ಚೀಲ ಸಮೇತ 51 ಕಿಲೋ ಬಂದು, ಬರೀ ಚೀಲ 1 ಕಿಲೋ ಎಂದಿಟ್ಟುಕೊಳ್ಳಿ. ರೈತನ ಚೀಟಿಯಲ್ಲಿ ಎಷ್ಟು ಇಳಿಯಿತೋ ಅಡತಿಯವರ ಖಾತೆಯಲ್ಲೂ ಅಷ್ಟೇ ಇಳಿಯಬೇಕು. ಒಂದೇ ಕಡೆ ಇಳಿದರೆ ಜಗಳ. ಭಾಲ್ಕಿ, ಔರಾದಿನ ಹಳ್ಳಿಯ ಮಗುವಿಗೆ ಈ ಜಗಳ ಗೊತ್ತು. ಪಾಠ ಹೆಣೆಯಬೇಕಾದದ್ದು ಇಂಥ ಲೆಕ್ಕದ ಸುತ್ತ.

ಅಕ್ಷರ ಫೌಂಡೇಶನ್‌ನ ಗಣಿತ ಕಲಿಕಾ ಆಂದೋಲನ ಸರ್ಕಾರಿ ಶಾಲೆಗಳಿಗೆ ಗಣಿತದ ಪೆಟ್ಟಿಗೆ ಕೊಟ್ಟಿತು. ಮುಟ್ಟಿ ನೋಡಿ ಕಲಿಯುವ ಆ ಕ್ರಮ ಒಳ್ಳೆಯದು. ಅದು ಐದನೇ ತರಗತಿಗೆ ನಿಲ್ಲುತ್ತದೆ. ಅಕ್ಷರ ಅಂಕಿಯ ಜಾಗಕ್ಕೆ ಬಂದು ನಿಜಕ್ಕೂ ಕಷ್ಟ ಶುರುವಾಗುವ ತರಗತಿಗಳಲ್ಲಿ ಮೇಷ್ಟ್ರ ಕೈಯಲ್ಲಿ ಮತ್ತೆ ಬರೀ ಸೀಮೆಸುಣ್ಣ.

ಪಕ್ಷಾಂತರ ಇಲ್ಲಿ ಇಷ್ಟು ಬೇರುಬಿಡಲು ಇನ್ನೊಂದು ಕಾರಣ ಇದೆ ಎಂದು ನನ್ನ ಊಹೆ. ಯಾಕೆ ಎಂದು ವಿವರಿಸಲು ಮಾತು ಬೇಕು, ಹಿಂದೆ ಮುಂದೆ ಕೇಳಬೇಕು, ಮಗು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಮನೆಯಲ್ಲಿ ಲಂಬಾಣಿ, ಮರಾಠಿ ಅಥವಾ ದಖನಿ ಆಡುವ ಮಗು, ದಕ್ಷಿಣದ ಜಿಲ್ಲೆಯಿಂದ ವರ್ಗವಾಗಿ ಬಂದ ಮೇಷ್ಟ್ರು, ಗ್ರಾಂಥಿಕ ಕನ್ನಡದ ಪಠ್ಯ; ಇವು ಮೂರೂ ಸೇರಿದ ಕಡೆ ನಾಲ್ಕು ಪದದ ಸೂತ್ರವೇ ಗೆಲ್ಲುತ್ತದೆ. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಇಂದು ಯಾವ ಭಾಷೆಯ ಫಲಕವನ್ನೂ ಹಾಕಿಕೊಳ್ಳಬಹುದು. ಕಾರಣ ಹೇಳುವ ಗಣಿತ ಮಾತ್ರ ಯಾವ ಫಲಕದ ಹಿಂದೆಯೂ ಸಾಕಷ್ಟು ಸಿಗುತ್ತಿಲ್ಲ.

ಹತ್ತನೇ ತರಗತಿಯಲ್ಲಿ ಸಾಲ ಬಡ್ಡಿ ಸಮೇತ ಎದುರು ನಿಲ್ಲುತ್ತದೆ. ಎರಡು ಚರಾಕ್ಷರಗಳ ಸಮೀಕರಣ ಜೋಡಿಗೆ ವರ್ಜಿಸುವ ವಿಧಾನ ಇದೆ: 2ಕ್ಷ + 3ಯ = 12, 2ಕ್ಷ − ಯ = 4. ಮೇಲಿನದರಲ್ಲಿ ಕೆಳಗಿನದನ್ನು ಕಳೆದರೆ 4ಯ = 8. ಸಮವಾದದ್ದರಲ್ಲಿ ಸಮವಾದದ್ದನ್ನು ಕಳೆಯುತ್ತಿದ್ದೇವೆ, ಏಳನೇ ತರಗತಿಯ ಅದೇ ಕೆಲಸ. ಆದರೆ ಮಕ್ಕಳು ಕೆಳಗಿನ ಸಾಲಿನಡಿ ಚಿಹ್ನೆ ತಿರುವಿ ಬರೆಯುವ ಶಾಸ್ತ್ರವನ್ನು ಮಾತ್ರ ಕಲಿತಿರುತ್ತಾರೆ; ಒಂದು ಚಿಹ್ನೆ ತಿರುವಲು ಮರೆತರೆ 2ಯ = 8. ಎಸ್‌ಎಸ್‌ಎಲ್‌ಸಿ ಪಟ್ಟಿಯಲ್ಲಿ ನಮ್ಮ ಭಾಗದ ಜಿಲ್ಲೆಗಳು ಕೆಳಗಿನ ಸಾಲಿನಲ್ಲಿ ಕಂಡಾಗಲೆಲ್ಲ ಮೇ ತಿಂಗಳಲ್ಲಿ ಸಭೆ ಸೇರುತ್ತೇವೆ, ಹತ್ತನೆಯವರಿಗೆ ವಿಶೇಷ ತರಗತಿ ಎನ್ನುತ್ತೇವೆ. ಏಳನೆಯವರ ಹೆಸರು ಆ ಸಭೆಯಲ್ಲಿ ಬರುವುದಿಲ್ಲ.

ವೇಗದ ವಾದ ಒಂದಿದೆ, ಅದನ್ನು ಹಗುರವಾಗಿ ನೋಡಬಾರದು. ಬೀದರ್ ಈಗ ಪ್ರವೇಶ ಪರೀಕ್ಷೆಗಳ ಊರು; 1989ರಲ್ಲಿ ಶುರುವಾದ ಶಾಹೀನ್‌ನಂಥ ಸಂಸ್ಥೆಗಳಿಗೆ ಬೇರೆ ರಾಜ್ಯಗಳಿಂದ ಮಕ್ಕಳು ಬರುತ್ತಾರೆ. ಅಲ್ಲಿ ಭೌತಶಾಸ್ತ್ರದ ಲೆಕ್ಕದಲ್ಲಿ ಎರಡೂ ಕಡೆ ಏಳು ಕಳೆದೆ ಎಂದು ಬರೆಯುತ್ತ ಕೂತರೆ ಆಗುವುದಿಲ್ಲ, ಒಪ್ಪಿದೆ. ಆದರೆ ಆ ಮಗುವಿಗೆ ಹದಿನೇಳು ವರ್ಷ. ಹನ್ನೆರಡು ವರ್ಷದ ಮಗುವಿಗೆ ಯಾವ ಅವಸರ?

ಜಿಲ್ಲೆಯ ಗಣಿತ ಶಿಕ್ಷಕರಲ್ಲಿ ಕೇಳಿಕೊಳ್ಳುವುದು ಇಷ್ಟು. ಏಳನೇ ತರಗತಿಯ ನೋಟ್‌ಬುಕ್ಕಿನಲ್ಲಿ ಕ್ಷ + 7 − 7 = 12 − 7 ಎಂಬ ನಡುವಿನ ಸಾಲನ್ನು ಬಿಡಲು ಒಪ್ಪಬೇಡಿ. ಪ್ರಶ್ನೆಪತ್ರಿಕೆಯಲ್ಲಿ ಉತ್ತರಕ್ಕೆ ಒಂದು ಅಂಕ ಇದ್ದರೆ ತಾಳೆಗೆ ಒಂದು ಅಂಕ ಇಡಿ, ಆ ಅಂಕವನ್ನು ಧಾರಾಳವಾಗಿ ಕೊಡಿ. ಪಕ್ಷಾಂತರವನ್ನು ಎಂಟನೇ ತರಗತಿಗೆ ಬಿಡಿ.