ಒಬ್ಬರ ಕಣ್ಣಿಗೆಂದು ಬರೆದ ಚಿತ್ರಗಳು

ಫ್ಲಾರೆನ್ಸ್‌ನ ಸಾನ್ ಮಾರ್ಕೊ ಒಂದು ಕಾಲಕ್ಕೆ ಡೊಮಿನಿಕನ್ ಸನ್ಯಾಸಿಗಳ ಮಠ, 1869ರಿಂದ ಸಂಗ್ರಹಾಲಯ. ಕೆಳಗೆ, ಹಿಂದೆ ಯಾತ್ರಿಕರು ತಂಗುತ್ತಿದ್ದ ಛತ್ರದಲ್ಲಿ, ಫ್ರಾ ಆಂಜೆಲಿಕೊ ಹಲಗೆಯ ಮೇಲೆ ಬರೆದ ಚಿತ್ರಗಳಿವೆ. ಚಿನ್ನದ ರೇಕು, ಕಡುನೀಲಿ, ವಾದ್ಯ ನುಡಿಸುವ ದೇವದೂತರು. ಊರಿನ ಕಣ್ಣು ತಣಿಸಲು ಮಾಡಿದ ಸಂಭ್ರಮ.

ಮೆಟ್ಟಿಲು ಹತ್ತಿದರೆ ಅದೇ ಕೈ ಮಿತಭಾಷಿಯಾಗುತ್ತದೆ. ಮೇಲಿನ ಮೆಟ್ಟಿಲಿಗೆದುರಾಗಿ ‘ಮಂಗಳವಾರ್ತೆ’, ಯೇಸು ಹುಟ್ಟುವನೆಂದು ದೇವದೂತ ಗೇಬ್ರಿಯಲ್ ಮರಿಯಳಿಗೆ ತಿಳಿಸುವ ಚಿತ್ರ. ಗೇಬ್ರಿಯಲ್ಲನ ರೆಕ್ಕೆಗಳಲ್ಲಿ ಬಣ್ಣದ ಪಟ್ಟೆಗಳು. ಮರಿಯ ಕೂತದ್ದು ಮಾತ್ರ ಬರಿಯ ಮರದ ಪೀಠ. ಹಾದುಹೋಗುವಾಗ ‘ನಮೋ ಮರಿಯ’ ಹೇಳಲು ಮರೆಯಬೇಡ ಎಂದು ಕೆಳಗೊಂದು ಬರಹ. ಇದು ದಿನವೂ ಇಲ್ಲಿ ಓಡಾಡುವವನಿಗೆ ಹೇಳಿದ ಮಾತು.

ಆಚೆಗೆ ಸನ್ಯಾಸಿಗಳ ಪುಟ್ಟ ಕೋಣೆಗಳ ಸಾಲು. ಒಂದೊಂದರಲ್ಲೂ ಒಂದು ಕಿಟಕಿ, ಒಂದು ಚಿತ್ರ. ಬಹಳ ಕಡೆ ಎರಡೂ ಒಂದೇ ಗೋಡೆಯಲ್ಲಿರುವುದರಿಂದ ಒಳಗೆ ಕಾಲಿಟ್ಟವರಿಗೆ ಮೊದಲು ಬೆಳಕೇ ರಾಚುತ್ತದೆ. ಚಿತ್ರ ನಿಧಾನವಾಗಿ ಕಣ್ಣಿಗೆ ಒದಗುತ್ತದೆ. ಹಸಿ ಗಾರೆಗೆ ಹಚ್ಚಿದ ಬಣ್ಣ ಸುಣ್ಣದೊಡನೆ ಒಣಗಿ ಗೋಡೆಯೇ ಆಗಿಬಿಟ್ಟಿದೆ. ಹಾಗಾಗಿ ಇವು ಬೇರೆಲ್ಲಿಂದಲೋ ತಂದು ತೂಗುಹಾಕಿದವಲ್ಲ. ಯಾರಿಗೆಂದು ಬರೆದರೋ ಅವರ ಕೋಣೆಯಲ್ಲೇ ಉಳಿದಿವೆ.

ಏಳನೆಯ ಕೋಣೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕೂತ ಕ್ರಿಸ್ತ. ಹಿಂದೆ ಹಸಿರು ಪರದೆ. ಹೊಡೆಯುವವರಿಗೆ ಮೈಯೇ ಇಲ್ಲ: ಗಾಳಿಯಲ್ಲಿ ಕೆಲವು ಕೈಗಳು, ಒಂದು ಕೋಲು, ಉಗುಳುವ ಒಂದು ತಲೆ. ಕೆಳಗೆ ಮರಿಯ, ಸಂತ ಡೊಮಿನಿಕ್. ಇಬ್ಬರೂ ಆ ಕಡೆ ನೋಡುತ್ತಿಲ್ಲ. ಆತ ಪುಸ್ತಕ ಓದುತ್ತಿದ್ದಾನೆ. ಆ ಓದಿನೊಳಗೇ ಮೇಲಿನ ಹಿಂಸೆ ನಡೆಯುತ್ತಿರಬಹುದೆಂಬ ಭಾವ ಮೆಲ್ಲನೆ ಮೂಡುತ್ತದೆ. ಕಥೆ ಬಲ್ಲ ಸನ್ಯಾಸಿಗೆ ಒಂದು ಕೈ ತೋರಿಸಿದರೆ ಸಾಕು, ಮಿಕ್ಕ ಮೈಯನ್ನು ಆತ ಧ್ಯಾನದಲ್ಲಿ ತುಂಬಿಕೊಳ್ಳುತ್ತಾನೆ. ಸಹೃದಯನ ಮೇಲೆ ಇಷ್ಟು ಭಾರ ಹೊರಿಸುವ ಚಿತ್ರಗಳು ವಿರಳ.

ಮಠ ಕಟ್ಟಿಸಲು ಹಣ ಕೊಟ್ಟ ಕೋಸಿಮೊ ಮೆದಿಚಿಗೂ ಇಲ್ಲಿ ಕೋಣೆಯಿತ್ತು, ಒಂದಲ್ಲ, ಎರಡು. ಅಲ್ಲಿನ ಗೋಡೆಯಲ್ಲಿ ಶಿಶು ಯೇಸುವಿಗೆ ಕಾಣಿಕೆ ತಂದ ಪೂರ್ವದೇಶದ ಜ್ಞಾನಿಗಳು, ಅವರ ಹಿಂದೆ ದೊಡ್ಡ ಪರಿವಾರ. ಸುಂದರವೇ, ಸಂದೇಹವಿಲ್ಲ. ಆದರೆ ಅಲ್ಲಿ ನೋಡುವವರಿಗೆ ಕೆಲಸವೇ ಉಳಿದಿಲ್ಲ. ಎಲ್ಲರೂ ಆಗಲೇ ಬಂದು ನಿಂತಿದ್ದಾರೆ.