ಒಂಬತ್ತನೇ ಕಾಲಂ

ಹಳೇಬೀಡು ಹೋಬಳಿಯಲ್ಲಿ ಜಮೀನಿರುವ ಯಾರನ್ನಾದರೂ ‘ಪಹಣಿ ಸಿಗುತ್ತಾ?’ ಅಂತ ಕೇಳಿ, ನಗುತ್ತಾರೆ. ಮೊಬೈಲಲ್ಲೇ ನೋಡಬಹುದಲ್ಲ! ಅದರ ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ ಎಂದು ಕೇಳಿದರೆ ನಗು ನಿಲ್ಲುತ್ತದೆ. ಎಷ್ಟೋ ಮನೆಗಳಲ್ಲಿ ತೀರಿಹೋದ ಅಜ್ಜನೇ ಇನ್ನೂ ಖಾತೆದಾರ.

2001ರ ಸುಮಾರಿಗೆ ಬಂದ, ಪಹಣಿ ಗಣಕೀಕರಣದ ‘ಭೂಮಿ’ ಯೋಜನೆಯನ್ನು ಹಳಿಯುವ ಮನಸ್ಸು ನನಗಿಲ್ಲ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗೆ ಬೆಲೆ ಹೋಯಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಬಂತು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಎರಡನೇ ಪರದೆ. ಒಳಗೆ ಕೂತವನು ಏನು ಒತ್ತುತ್ತಿದ್ದಾನೆಂದು ಕಿಟಕಿಯಾಚೆ ನಿಂತ ರೈತನಿಗೂ ಕಾಣಲಿ ಎಂದು ಒಂದು ಮಾನಿಟರನ್ನು ಅವನತ್ತ ತಿರುಗಿಸಿಟ್ಟಿದ್ದರು. ಓದು ಬಾರದಿದ್ದರೂ ತನ್ನ ಸರ್ವೆ ನಂಬರ್ ಗುರುತಿಸಬಲ್ಲವನಿಗೆ ಅದು ದೊಡ್ಡ ಮರ್ಯಾದೆ.

ಆಮೇಲೆ ಸಕಾಲ, ನಾಡಕಚೇರಿ, ಸೇವಾಸಿಂಧು, ಗ್ರಾಮ ಒನ್ ಎಲ್ಲ ಬಂದವು. ಸೇವೆ ಹತ್ತಿರವಾಯಿತು, ಪರದೆ ಮಾತ್ರ ಮತ್ತೆ ಒಳಕ್ಕೆ ತಿರುಗಿತು. ಈಗ ಬೇಲೂರಿನಲ್ಲಿ ಸೈಬರ್ ಅಂಗಡಿಯ ಹುಡುಗ ‘ಓಟಿಪಿ ಹೇಳಿ ಅಜ್ಜ’ ಎನ್ನುತ್ತಾನೆ. ಅದು ಹೋಗಿರುವುದು ಬೆಂಗಳೂರಿನಲ್ಲಿರುವ ಮಗನ ಫೋನಿಗೆ, ಮಗ ಡ್ಯೂಟಿಯಲ್ಲಿ. ಅಜ್ಜ ಬೆಂಚಿನ ಮೇಲೆ ಕೂರುತ್ತಾನೆ.

ಅರಸೀಕೆರೆಯಲ್ಲಿ ಈ ಒಂಬತ್ತನೇ ಕಾಲಂ ಕೊಬ್ಬರಿಯ ಪ್ರಶ್ನೆಯೂ ಹೌದು. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ. ಆ ಬೆಲೆಗೆ ಕೊಳ್ಳುವ ನಫೆಡ್‌ಗೆ ಕೊಡಬೇಕೆಂದರೆ ರೈತರ ನೋಂದಣಿಯ ‘ಫ್ರೂಟ್ಸ್’ ಗುರುತಿನ ಸಂಖ್ಯೆ ಬೇಕು. ಅದಕ್ಕೆ ಆಧಾರ್ ಜೊತೆ ಪಹಣಿ ಕೂಡಿಸಬೇಕು. ಪಹಣಿ ಅಜ್ಜನ ಹೆಸರಲ್ಲಿದ್ದರೆ? ನುಸಿ ಬಿದ್ದ ತೋಟಕ್ಕೆ ಸಾಲ ಮಾಡಿದವನು ಮೊಮ್ಮಗ, ಕಂಪ್ಯೂಟರಿನ ಲೆಕ್ಕದಲ್ಲಿ ರೈತ ಮಾತ್ರ ಸತ್ತ ಅಜ್ಜ. ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸೋಣವೆಂದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಮೇಲಾಗಿ ಮಾತು ಬಿಟ್ಟ ಅಣ್ಣತಮ್ಮಂದಿರ, ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರ ಒಪ್ಪಿಗೆ. ಇವನ್ನೆಲ್ಲ ಅಪ್‌ಲೋಡ್ ಮಾಡುವ ಮೊದಲು ಜಗಲಿಯ ಮೇಲೆ ಕೂತು ಹೊಂದಿಸಬೇಕು.

‘ಭೂಮಿ’ ಪಹಣಿಯನ್ನು ನಕಲು ಮಾಡಿತೇ ಹೊರತು ತಿದ್ದಲಿಲ್ಲ ಎಂಬುದು ನನ್ನ ತಕರಾರು. ಹಳೇ ವಹಿಯ ತಪ್ಪೂ ಚೊಕ್ಕ ಅಕ್ಷರದಲ್ಲಿ ಅಚ್ಚಾಗಿ ನಿಜವೆನಿಸಿಕೊಂಡಿತು. ಸರ್ಕಾರಕ್ಕೂ ಇದು ತಟ್ಟಿರಬೇಕು: 2025ರಲ್ಲಿ ಇ-ಪೌತಿ ಆಂದೋಲನವೆಂದು ಗ್ರಾಮ ಆಡಳಿತಾಧಿಕಾರಿಗಳನ್ನು, ಅಂದರೆ ಹಿಂದಿನ ಗ್ರಾಮ ಲೆಕ್ಕಿಗರನ್ನು, ಮನೆಬಾಗಿಲಿಗೆ ಕಳಿಸಲು ಹೊರಟಿತು. ಆ್ಯಪ್‌ಗಳ ಹೊರೆ ತಾಳಲಾರೆವೆಂದು 2024ರ ಸೆಪ್ಟೆಂಬರಿನಲ್ಲಿ ಮುಷ್ಕರ ಹೂಡಿದವರೂ ಇವರೇ. ಯಾರ ಕೈಯಿಂದ ವಹಿ ಕಿತ್ತುಕೊಂಡರೋ ಅವರೇ ಈಗ ಫೋನ್ ಹಿಡಿದು ಅಂಗಳಕ್ಕೆ ಬಂದು, ‘ಅಜ್ಜನಿಗೆ ಎಷ್ಟು ಜನ ಮಕ್ಕಳು?’ ಎಂದು ಕೇಳಬೇಕಾಗಿದೆ.